ಗಾಡಿ ಎತ್ತುವದೋ, ದಾರಿ ಎತ್ತುವದೋ?

ನಮ್ಮ ಉಮರಗಾ, ನಿಲಂಗಾ, ಉದಗೀರ ಭಾಗದ ಒಕ್ಕಲುಮಕ್ಕಳಲ್ಲಿ ಇತ್ತಿತ್ತಲಾಗಿ ಒಂದು ಮಾತು ಬಹಳ ಕೇಳಿಬರುತ್ತಿದೆ. ಪಿಕಪ್ ಗಾಡಿ ಕೊಂಡವನು ಮೊದಲನೆಯ ಕಂತು ತುಂಬುವದಕ್ಕೆ ಮುಂಚೆಯೇ ಅದನ್ನು ಗ್ಯಾರೇಜಕ್ಕೆ ಒಯ್ಯುವನು. “ಇದನ್ನು ನಾಲ್ಕು ಇಂಚು ಎತ್ತಿಸು, ದೊಡ್ಡ ಟಾಯರ ಹಾಕು, ಎರೆಯಲ್ಲಿ ಸಿಗಬೀಳಬಾರದು” ಎಂದು ಮಿಸ್ತ್ರಿಗೆ ಹೇಳುವನು. ಹಾಗೆ ಎತ್ತಿಸಿದ ಗಾಡಿ ಊರೊಳಗೆ ಬಂತೆಂದರೆ ಹುಡುಗರು ನೆರೆಯುವರು. ನೋಡುವವರ ಕಣ್ಣಿಗೆ ಅದು ಚೆಂದವೇ ಸರಿ. ಆದರೆ ಗಾಡಿ ಇರುವದು ನೋಡುವದಕ್ಕಲ್ಲ, ಮಾಲು ಸಾಗಿಸುವದಕ್ಕೆ. ಸಾಲ ತೀರುವ ತನಕ ಅದು ದುಡಿಯಬೇಕು, ಹತ್ತಿದವರು ಕ್ಷೇಮವಾಗಿ ಇಳಿಯಬೇಕು. ಈ ದೃಷ್ಟಿಯಿಂದ ನೋಡಿದರೆ ಗಾಡಿಯನ್ನು ಎತ್ತಿಸುವದು ಲಾಭಕ್ಕಿಂತ ಹೆಚ್ಚು ಹಾನಿಯ ಕೆಲಸವೆಂದು ನನ್ನ ಅಭಿಪ್ರಾಯ. ಎತ್ತಬೇಕಾದದ್ದು ಗಾಡಿಯನ್ನಲ್ಲ, ದಾರಿಯನ್ನು. ಇದನ್ನು ಬರಿಯ ಮಾತಿನಲ್ಲಿ ಹೇಳದೆ ಲೆಕ್ಕದಿಂದ ತೋರಿಸುವೆನು. ಸರಿಯೆನಿಸಿದರೆ ಒಪ್ಪಿರಿ.

ಈ ಆಸೆ ಹುಟ್ಟಿದ್ದಕ್ಕೆ ಕಾರಣವಿದೆ. ಹಿಂದೆ ಹೊಲದಿಂದ ಮನೆಗೆ, ಮನೆಯಿಂದ ಪೇಟೆಗೆ ಎತ್ತಿನ ಗಾಡಿ ಇತ್ತು. ಅದರ ಕಟ್ಟಿಗೆಯ ಗಾಲಿ ಎದೆಯೆತ್ತರ ಇರುತ್ತಿತ್ತು. ಆಮೇಲೆ ರಬ್ಬರ ಟಾಯರಿನ ಗಾಡಿ ಬಂದಿತು, ಅದರ ತರುವಾಯ ಟ್ರ್ಯಾಕ್ಟರ ಬಂದಿತು. 2005ರಲ್ಲಿ ಟಾಟಾದವರ ಸಣ್ಣ ಗಾಡಿ ‘ಏಸ್’ ಬಂದ ಮೇಲೆ, ಅದನ್ನು ಜನರು ‘ಛೋಟಾ ಹಾಥಿ’ ಎಂದು ಕರೆದರು, ಸಣ್ಣ ಹಿಡುವಳಿಯವನಿಗೂ ಮೋಟಾರ ಗಾಡಿ ಕೈಗೆಟಕಿತು. ಈಗ ಒಂದೂವರೆ, ಎರಡು ಟನ್ನು ಹೊರುವ ಪಿಕಪ್‌ಗಳು ಹಳ್ಳಿಹಳ್ಳಿಗೂ ಇವೆ. ದಾಳಿಂಬದಂಥ ಊರುಗಳಿಗೆ ಸೊಲ್ಲಾಪುರ-ಹೈದರಾಬಾದ ಹೆದ್ದಾರಿ ಹತ್ತಿರ. ಹಿಂದೆ 9ನೆಯ ನಂಬರ ಇದ್ದ ಆ ಹೆದ್ದಾರಿಗೆ ಈಗ 65ನೆಯ ನಂಬರ. ಒಮ್ಮೆ ಡಾಂಬರು ಹತ್ತಿದರೆ ಸೋಯಾಬೀನು ಲಾತೂರಕ್ಕೆ, ಉಳ್ಳಾಗಡ್ಡಿ ಸೊಲ್ಲಾಪುರಕ್ಕೆ, ತೊಗರಿ ಕಲಬುರಗಿಗೆ ಹೋಗುವದು ಹೊತ್ತಿನ ಕೆಲಸವೇ ಅಲ್ಲ. ತೊಂದರೆ ಇರುವದು ಹೊಲದಿಂದ ಡಾಂಬರಿನ ವರೆಗಿನ ಒಂದೆರಡು ಮೈಲಿನಲ್ಲಿ. ಸೋಯಾ ರಾಶಿಗೆ ಬರುವದು ಉತ್ತರಿ-ಹಸ್ತ ಮಳೆಯ ಕಾಲದಲ್ಲಿ. ಒಂದು ಜೋರಾದ ಮಳೆ ಬಿದ್ದರೆ ಎರೆಯ ದಾರಿ ಅಂಟಿನ ಮುದ್ದೆಯಾಗುವದು. ಚೀಲ ಹೊಲದಲ್ಲಿ ತೊಯ್ದರೆ ಕಾಳು ಕಪ್ಪಾಗುವದು, ಅಡತಿಯವನು ದರ ಇಳಿಸುವನು. ಈ ಸಂಕಟ ಅನುಭವಿಸಿದವನು ಗಾಡಿ ಎತ್ತಿಸಲು ಹೊರಟರೆ ಅವನನ್ನು ನಗುವದು ನ್ಯಾಯವಲ್ಲ. ಅವನಿಗೆ ಸರಿಯಾದ ವಿಚಾರ ತಿಳಿಸುವದೇ ನ್ಯಾಯ.

ಕೆಸರಲ್ಲಿ ಮುಟ್ಟುವದು ಯಾವದು?

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿರಿ. ನೆಲಕ್ಕೆ ಎಲ್ಲಕ್ಕೂ ಹತ್ತಿರವಾಗಿರುವದು ಹಿಂದಿನ ಅಚ್ಚಿನ ನಡುವಿನ ಗುಂಡು. ಮಿಸ್ತ್ರಿಗಳು ಅದನ್ನು ‘ಹೌಸಿಂಗ್’ ಅನ್ನುವರು. ಗಾಲಿಗಳು ಕೊರೆದ ಹಳಿಯ ನಡುವಿನ ದಿಂಡಿಗೆ ಮೊದಲು ತಾಗುವದು ಇದೇ. ಅದು ದಿಂಡಿನ ಮೇಲೆ ಕೂತಿತೆಂದರೆ ಗಾಲಿಗಳು ಸುಮ್ಮನೆ ತಿರುಗುವವು, ಗಾಡಿ ಮುಂದೆ ಹೋಗದು.

ಈಗ ಕಮಾನನ್ನು ಎತ್ತಿಸಿದರೆ ಏನಾಗುವದು? ಕಮಾನು ಇರುವದು ಅಚ್ಚಿಗೂ ಚಾಸಿಗೂ ನಡುವೆ. ಅದನ್ನು ಎಷ್ಟು ಎತ್ತಿಸಿದರೂ ಮೇಲೇರುವದು ಚಾಸಿ, ಕ್ಯಾಬಿನ್ನು ಮತ್ತು ಮಾಲಿನ ತೊಟ್ಟಿ. ಅಚ್ಚು ಇದ್ದಲ್ಲೇ ಇರುವದು, ಗುಂಡೂ ಇದ್ದಲ್ಲೇ ಇರುವದು. ಇದು ಬಹು ಮಂದಿಗೆ ತಿಳಿಯದ ಸಂಗತಿ. ನಾಲ್ಕು ಇಂಚು ಎತ್ತಿಸಿದ ಗಾಡಿಯ ಗುಂಡು ಎತ್ತಿಸದ ಗಾಡಿಯಷ್ಟೇ ಕೆಳಗಿರುವದು. ಅಂದ ಮೇಲೆ ಎರೆಯ ಹಳಿಯಲ್ಲಿ ಸಿಗಬೀಳುವ ಗಾಡಿ ಎತ್ತಿಸಿದರೂ ಅಲ್ಲಿಯೇ ಸಿಗಬೀಳುವದು. ಅಚ್ಚನ್ನು ನೆಲದಿಂದ ಮೇಲೆತ್ತುವ ಉಪಾಯ ಒಂದೇ, ಅದು ದೊಡ್ಡ ಗಾಲಿ. ಅದರ ಲೆಕ್ಕ ಮುಂದೆ ನೋಡೋಣ.

ಎತ್ತಿಸುವ ನಾಲ್ಕು ಬಗೆ

ಗ್ಯಾರೇಜಿನಲ್ಲಿ ನಾಲ್ಕು ಬಗೆಯ ಉಪಾಯ ಹೇಳುವರು. ಒಂದೊಂದರ ಗುಣದೋಷ ಹೀಗಿವೆ.

ಮೊದಲನೆಯದು, ಅಚ್ಚಿಗೂ ಕಮಾನಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಉದ್ದನೆಯ ಬೋಲ್ಟು ಬಿಗಿಯುವದು. ಇದು ಎಲ್ಲಕ್ಕೂ ಅಗ್ಗ. ಆದರೆ ಬ್ರೇಕು ಹಾಕಿದಾಗಲೂ, ಜೋರಾಗಿ ಎಳೆಯುವಾಗಲೂ ಅಚ್ಚು ತಿರುಚಿಕೊಳ್ಳಲು ನೋಡುವದು. ದಿಮ್ಮಿ ಎತ್ತರವಾದಷ್ಟು ಆ ತಿರುಚು ಕಮಾನಿನ ಮೇಲೆ ಹೆಚ್ಚಾಗಿ ಬೀಳುವದು. ಮುಂದಿನ ಅಚ್ಚಿಗೆ ಹೀಗೆ ದಿಮ್ಮಿ ಇಡಲೇಕೂಡದು. ಅಲ್ಲಿ ಬೋಲ್ಟು ಸಡಿಲಾದರೆ ಚಾಲಕನ ಕೈಯಲ್ಲಿ ಏನೂ ಉಳಿಯುವದಿಲ್ಲ.

ಎರಡನೆಯದು, ಕಮಾನಿನ ತುದಿಯ ಸಂಕೋಲೆಯನ್ನು, ಅಂದರೆ ಶ್ಯಾಕಲ್ಲನ್ನು, ಉದ್ದ ಮಾಡುವದು. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವದು ಸುಮಾರು ಒಂದೇ ಇಂಚು, ಯಾಕಂದರೆ ಕಮಾನಿನ ಒಂದು ತುದಿ ಮಾತ್ರ ಸರಿಯುವದು. ಅಚ್ಚಿನ ಓರೆ ಬದಲಾಗುವದು, ಗಾಡಿ ಅತ್ತಿತ್ತ ಓಲಾಡುವದು.

ಮೂರನೆಯದು, ಕಮಾನಿಗೆ ಹೆಚ್ಚಿನ ಪಾಟಾ ಸೇರಿಸುವದು, ಇಲ್ಲವೆ ಇದ್ದ ಪಾಟಾಗಳನ್ನು ಕಾಯಿಸಿ ಬಡಿದು ಹೆಚ್ಚು ಬಾಗಿಸುವದು. ನಮ್ಮಲ್ಲಿ ಹೆಚ್ಚಾಗಿ ನಡೆದಿರುವದು ಇದೇ. ಎತ್ತರದ ನೆವದಲ್ಲಿ ಭಾರ ಹೆಚ್ಚು ಹೇರುವ ಆಸೆಯೂ ಇದರೊಳಗಿದೆ. ಆದರೆ ಪಾಟಾ ಹೆಚ್ಚಿಸಿದ ಮಾತ್ರಕ್ಕೆ ಅಚ್ಚು, ಬೇರಿಂಗು, ಬ್ರೇಕು, ಟಾಯರು ಹೆಚ್ಚು ಗಟ್ಟಿಯಾಗುವದಿಲ್ಲ. ಬರಿದಾಗಿ ಬರುವಾಗ ಗಾಡಿ ಕುಪ್ಪಳಿಸುವದು, ಗಾಲಿ ನೆಲ ಬಿಡುವದು, ಬ್ರೇಕು ಹಿಡಿಯದು. ಕುಲುಮೆಯಲ್ಲಿ ಕಾಯಿಸಿದ ಪಾಟಾಕ್ಕೆ ಹದ ಸರಿಯಾಗಿ ಕೊಡದಿದ್ದರೆ ಒಂದು ಹಂಗಾಮಿನಲ್ಲಿಯೇ ಕೂತುಬಿಡುವದು, ಇಲ್ಲವೆ ಮುರಿಯುವದು.

ನಾಲ್ಕನೆಯದು, ಮುಂದೆ ಸುರುಳಿ ಸ್ಪ್ರಿಂಗು ಅಥವಾ ತಿರುಚು ಸಲಾಕೆ ಇರುವ ಗಾಡಿಗಳಲ್ಲಿ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಡುವದು, ಇಲ್ಲವೆ ಸಲಾಕೆಯನ್ನು ಬಿಗಿಮಾಡುವದು. ಇದರಿಂದ ಮುಂದಿನ ಗಾಲಿಗಳ ಕೋನ ತಪ್ಪುವದು, ಟಾಯರು ಒಂದು ಮಗ್ಗಲು ಸವೆಯುವದು, ಬಾಲ್ ಜಾಯಿಂಟುಗಳು ಬೇಗ ಹೋಗುವವು.

ಇವೆಲ್ಲವುಗಳಲ್ಲಿ ಇನ್ನೊಂದು ಮರೆಯ ದೋಷವಿದೆ. ಅನೇಕ ಪಿಕಪ್ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ವಾಲ್ವು ಇರುವದು. ಅದರ ಸಲಾಕೆ ಅಚ್ಚಿಗೆ ಸೇರಿರುವದು. ಮಾಲು ಹೇರಿದಾಗ ಗಾಡಿ ಕೆಳಗಿಳಿಯುವದರಿಂದ ಆ ವಾಲ್ವು “ಭಾರ ಇದೆ” ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಬಲ ಬಿಡುವದು. ಗಾಡಿಯನ್ನು ಎತ್ತಿಸಿ ಆ ಸಲಾಕೆಯನ್ನು ತಿರುಗಿ ಹೊಂದಿಸದಿದ್ದರೆ, ಭಾರ ತುಂಬಿದ ಗಾಡಿಯನ್ನೂ ವಾಲ್ವು ಬರಿದೆಂದೇ ತಿಳಿಯುವದು. ಮೂವತ್ತು ಚೀಲ ಹೊತ್ತು ಇಳಿಜಾರಿನಲ್ಲಿ ಬರುವಾಗ ಬ್ರೇಕು ಅರ್ಧಮರ್ಧ ಹಿಡಿಯುವದು. ಗಾಡಿ ಎತ್ತಿಸಿದವರಲ್ಲಿ ಎಷ್ಟು ಮಂದಿ ಈ ಸಲಾಕೆಯ ವಿಚಾರ ಕೇಳಿರುವರು?

ದೊಡ್ಡ ಟಾಯರಿನ ಲೆಕ್ಕ

ದೊಡ್ಡ ಗಾಲಿಯಿಂದ ಲಾಭವಿಲ್ಲವೆಂದು ಹೇಳಲಾರೆ. ನಮ್ಮ ಹಿರಿಯರ ಗಾಡಿಗೆ ಅಷ್ಟು ದೊಡ್ಡ ಗಾಲಿ ಇದ್ದದ್ದು ಸುಮ್ಮನೆ ಅಲ್ಲ. ದೊಡ್ಡ ಗಾಲಿ ತಗ್ಗು-ದಿನ್ನೆಗಳನ್ನು ಸುಲಭವಾಗಿ ದಾಟುವದು. ಆದರೆ ಪಿಕಪ್ಪಿಗೆ ಎಷ್ಟು ದೊಡ್ಡದು ಕೂಡುವದೆಂಬುದನ್ನು ನೋಡಬೇಕು.

ಟಾಯರಿನ ಮಗ್ಗಲಿಗೆ ಬರೆದ 215/75 ಆರ್ 15 ಎಂಬ ಅಂಕಿಗಳನ್ನು ಓದುವದು ಹೀಗೆ: ಟಾಯರಿನ ಅಗಲ 215 ಮಿಲಿಮೀಟರ, ಅದರ ಗೋಡೆಯ ಎತ್ತರ ಅಗಲದ ನೂರಕ್ಕೆ 75, ಒಳಗಿನ ಉಕ್ಕಿನ ಚಕ್ರ 15 ಇಂಚು. ಲೆಕ್ಕ ಮಾಡಿದರೆ ಇಡೀ ಗಾಲಿಯ ಎತ್ತರ ಸುಮಾರು 703 ಮಿಲಿಮೀಟರ ಬರುವದು. ಇದರ ಬದಲಿಗೆ 235/75 ಆರ್ 15 ಹಾಕಿದರೆ ಎತ್ತರ ಸುಮಾರು 733 ಮಿಲಿಮೀಟರ. ಅಂದರೆ 3 ಸೆಂಟಿಮೀಟರ ಹೆಚ್ಚು. ಆದರೆ ಅಚ್ಚು ಇರುವದು ಗಾಲಿಯ ನಡುವೆ. ಕಾರಣ ಗುಂಡು ಮೇಲೇರುವದು ಅದರ ಅರ್ಧ, ಒಂದೂವರೆ ಸೆಂಟಿಮೀಟರ ಮಾತ್ರ. ನಾಲ್ಕು ಟಾಯರುಗಳ ಬೆಲೆ ಕೊಟ್ಟು ಕೊಂಡದ್ದು ಒಂದು ಬೆರಳಿನ ಅಗಲ!

ಆ ಒಂದು ಬೆರಳಿಗಾಗಿ ಕೊಡುವ ಬೆಲೆ ಇನ್ನೂ ಇದೆ. ಗಾಲಿ ನೂರಕ್ಕೆ ನಾಲ್ಕು ಪಾಲು ದೊಡ್ಡದಾದದ್ದರಿಂದ ಎಂಜಿನ್ನಿನ ಎಳೆತ ಅಷ್ಟು ಕಡಿಮೆಯಾಗುವದು, ಬ್ರೇಕಿನ ಹಿಡಿತವೂ ಅಷ್ಟು ತಗ್ಗುವದು. ಮೀಟರು 60 ತೋರಿಸುವಾಗ ಗಾಡಿ 62ಕ್ಕೂ ಹೆಚ್ಚು ಓಡುತ್ತಿರುವದು. ಟಾಯರಿಗೂ ಮಡಗಾರ್ಡಿಗೂ ನಡುವಿನ ಸಂದು ಕಿರಿದಾಗುವದು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸುರುಳಿಯಾಗುವದು ಎಲ್ಲರೂ ಕಂಡದ್ದೇ. ಆ ಸುರುಳಿ ಕಿರಿದಾದ ಸಂದಿಯಲ್ಲಿ ತುಂಬಿ ಗಾಲಿ ತಿರುಗದಂತೆ ಮಾಡುವದು. ಎತ್ತಿನ ಗಾಡಿಯ ಕಾಲದಲ್ಲಿಯೂ ಗಾಲಿಗೂ ಮಗ್ಗಲ ಮರಕ್ಕೂ ನಡುವೆ ಮಣ್ಣು ತುಂಬಿದರೆ ಕೋಲಿನಿಂದ ಕೆರೆಯುತ್ತಿದ್ದರಲ್ಲವೆ? ಸಂದು ಸಣ್ಣದು ಮಾಡಿಕೊಂಡವನು ಕೋಲನ್ನು ಮರೆಯಬಾರದು.

ಎಲ್ಲಕ್ಕೂ ಮುಖ್ಯವಾದದ್ದು ಹೊರೆಯ ಅಂಕಿ. ಟಾಯರಿನ ಅಳತೆಯ ಮುಂದೆ ಇನ್ನೊಂದು ಅಂಕಿ ಇರುವದು. ಅದು 100 ಇದ್ದರೆ ಆ ಟಾಯರು 800 ಕಿಲೋ ಹೊರಬಲ್ಲದು. 106 ಇದ್ದರೆ 950 ಕಿಲೋ. ನೋಡಲು ದಪ್ಪವಾಗಿದ್ದು ದೊಡ್ಡ ಹಲ್ಲುಗಳಿರುವ ಟಾಯರು ಹಲವು ಸಲ ಕುಳಿತು ಅಡ್ಡಾಡುವ ಮೋಟಾರಿಗೆಂದು ಮಾಡಿದ್ದಿರುವದು, ಮಾಲು ಹೊರುವದಕ್ಕಲ್ಲ. ಕಂಪನಿ ಹಾಕಿದ ಟಾಯರಿನ ಅಂಕಿಗಿಂತ ಕಡಿಮೆ ಅಂಕಿಯದನ್ನು ಯಾರೇ ಹೇಳಿದರೂ ಹಾಕಿಸಕೂಡದು. ಬಿಸಿಲಲ್ಲಿ ಭಾರದಿಂದ ಕಾಯ್ದ ಟಾಯರು ಹೆದ್ದಾರಿಯಲ್ಲಿ ಸಿಡಿದರೆ ಗಾಡಿ ಯಾವ ಕಡೆ ಎಳೆದೊಯ್ಯುವದೋ ಹೇಳಲು ಬಾರದು.

ಎತ್ತರದ ಅಪಾಯ

ಗಾಡಿ ಮಗುಚುವದು ಯಾಕೆ? ಗಾಲಿಗಳ ನಡುವಿನ ಅಗಲಕ್ಕೆ ಭಾರದ ಎತ್ತರ ಹೆಚ್ಚಾದಾಗ. ಲೆಕ್ಕಕ್ಕೆಂದು ಹಿಡಿಯಿರಿ: ಎಡ-ಬಲ ಗಾಲಿಗಳ ನಡುವೆ ನಾಲ್ಕೂವರೆ ಅಡಿ, ತುಂಬಿದ ಗಾಡಿಯ ಒಟ್ಟು ಭಾರದ ಕೇಂದ್ರ ನೆಲದಿಂದ ಮೂರೂಮುಕ್ಕಾಲು ಅಡಿ. ಅದನ್ನು ನಾಲ್ಕು ಇಂಚು ಎತ್ತಿಸಿದರೆ ಮಗುಚದೆ ನಿಲ್ಲುವ ಶಕ್ತಿ ಹನ್ನೆರಡರಲ್ಲಿ ಒಂದು ಪಾಲು ಕಡಿಮೆಯಾಗುವದು. ಇಷ್ಟೇ ತಾನೆ ಎನ್ನಬಹುದು. ಆದರೆ ಹೊಲದ ಬದು ದಾಟುವಾಗಲೂ, ಹಳ್ಳದ ದಂಡೆ ಏರುವಾಗಲೂ, ಹೆದ್ದಾರಿಯಲ್ಲಿ ದನ ಅಡ್ಡ ಬಂದು ಚುಕ್ಕಾಣಿ ತಿರುಗಿಸಿದಾಗಲೂ ಬೇಕಾಗುವದು ಆ ಕಡೆಯ ಒಂದು ಪಾಲೇ.

ಮಾಲಿನ ಗಾಡಿ ಮಗುಚಿದರೆ ಚೀಲ ಚೆಲ್ಲುವದು, ಚೆಲ್ಲಿದ್ದನ್ನು ಬಳಿಯಬಹುದು. ಆದರೆ ನಮ್ಮ ಭಾಗದಲ್ಲಿ ಪಿಕಪ್ಪಿನ ತೊಟ್ಟಿಯಲ್ಲಿ ಚೀಲವಷ್ಟೇ ಇರುವದಿಲ್ಲ. ಕಳೆ ತೆಗೆಯುವ ಹೆಣ್ಣಾಳುಗಳು, ಸೋಯಾ ಕೊಯ್ಯುವ ತಂಡ, ಲಗ್ನದ ಬೀಗರು, ಜಾತ್ರೆಗೆ ಹೊರಟ ಮಕ್ಕಳು ನಿಂತೇ ಹೋಗುವರು. ನಿಂತ ಜನರ ಭಾರ ಚೀಲದ ಭಾರಕ್ಕಿಂತ ಎತ್ತರದಲ್ಲಿರುವದು, ಚೀಲದಂತೆ ಇದ್ದಲ್ಲಿ ಇರುವದಿಲ್ಲ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುವರು. ಎತ್ತಿಸಿದ ಗಾಡಿಗೆ ಇದಕ್ಕಿಂತ ಕೆಟ್ಟ ಹೊರೆ ಇಲ್ಲ. ಕಾಯಿದೆಯ ಮಾತೂ ಕೇಳಿರಿ: ಮಾಲಿನ ಗಾಡಿಯಲ್ಲಿ ಪುಕ್ಕಟೆ ಕೂತು ಹೋಗುವವರ ನಷ್ಟಕ್ಕೆ ವಿಮೆಯ ಕಂಪನಿ ಹೊಣೆಯಲ್ಲವೆಂದು 2002ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಮಾಲಿನ ಒಡೆಯ ಅಥವಾ ಅವನ ಪ್ರತಿನಿಧಿ ಮಾಲಿನ ಸಂಗಡ ಇದ್ದರೆ ಮಾತ್ರ ಬೇರೆ ವಿಚಾರ. ಅಂದರೆ ಕೂಲಿಗೆ ಹೋದ ತಾಯಿ ತೀರಿಕೊಂಡರೆ ಅವಳ ಮಕ್ಕಳ ಪರಿಹಾರ ಗಾಡಿಯ ಒಡೆಯನ ಹೊಲ-ಮನೆಯ ಮೇಲೆ ಬರುವದು.

ನೀರಿನ ಮಾತೊಂದಿದೆ. 2025ರ ಸೆಪ್ಟೆಂಬರದಲ್ಲಿ ಮರಾಠವಾಡದಲ್ಲಿ ಸುರಿದ ಮಳೆಗೆ ಧಾರಾಶಿವ, ಲಾತೂರ ಜಿಲ್ಲೆಗಳ ಹೊಲಗಳು ನೀರಲ್ಲಿ ನಿಂತದ್ದನ್ನು ಮರೆತಿಲ್ಲ. ಎತ್ತರದ ಗಾಡಿ ಚಾಲಕನಿಗೆ ಸುಳ್ಳು ಧೈರ್ಯ ಕೊಡುವದು. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಮೋಟಾರನ್ನು ತೇಲಿಸುವದು. ಎರಡು ಅಡಿ ಇದ್ದರೆ ಪಿಕಪ್ಪನ್ನೂ ಎಳೆದೊಯ್ಯಬಲ್ಲದು. ದಪ್ಪ ಟಾಯರಿನಲ್ಲಿ ಗಾಳಿ ಹೆಚ್ಚು, ಅದು ಇನ್ನೂ ಬೇಗ ತೇಲುವದು. ಮಾಂಜರಾ, ತೇರಣಾ ನದಿಗಳಿಗೆ ಸೇರುವ ಹಳ್ಳಗಳು ಸೇತುವೆಯ ಮೇಲೆ ಹರಿಯುತ್ತಿರುವಾಗ ನಾಲ್ಕು ಇಂಚಿನ ಎತ್ತರ ಯಾರನ್ನೂ ಕಾಯುವದಿಲ್ಲ. ಅಲ್ಲಿ ನಿಲ್ಲುವದೇ ಬುದ್ಧಿ.

ಕಾಯಿದೆ ಏನನ್ನುವದು?

1988ರ ಮೋಟಾರ ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪುಸ್ತಕದ ವಿವರಗಳು ಕಂಪನಿ ಗೊತ್ತುಮಾಡಿದ್ದಕ್ಕೆ ವಿರುದ್ಧವಾಗುವ ಹಾಗೆ ಒಡೆಯನು ಗಾಡಿಯನ್ನು ಬದಲಿಸಕೂಡದು. ಕೇರಳದಿಂದ ಹೋದ ಒಂದು ಖಟ್ಲೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಭಾರ ಮೀರಿದರೆ 194ನೆಯ ಕಲಮಿನಂತೆ ಇಪ್ಪತ್ತು ಸಾವಿರ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ ಎರಡು ಸಾವಿರ, ಹೆಚ್ಚಿನ ಮಾಲು ಅಲ್ಲಿಯೇ ಇಳಿಸತಕ್ಕದ್ದು. ದಾರಿಯಲ್ಲಿ ರಾಜಿಯಾಗಿ ತೀರಿಸುವ ಮೊತ್ತವನ್ನು ಆಯಾ ರಾಜ್ಯದವರು ಬೇರೆ ಗೊತ್ತುಮಾಡಿರಬಹುದು. ಆದರೆ ಇದು ಇಡೀ ದೇಶದ ಕಾಯಿದೆ. ಎಂಎಚ್ 25, ಎಂಎಚ್ 24ರ ಗಾಡಿ ತಲಮೋಡ ದಾಟಿ ಬಸವಕಲ್ಯಾಣದ ಕಡೆಗೆ ಹೋದರೆ ಭಾಷೆ ಬದಲಾಗುವದೇ ಹೊರತು ಕಾಯಿದೆ ಬದಲಾಗುವದಿಲ್ಲ. ಇನ್ನು ಅಪಘಾತವಾದಾಗ, ಕಾಗದದಲ್ಲಿ ಇಲ್ಲದ ಬದಲಾವಣೆ ಗಾಡಿಯಲ್ಲಿ ಕಂಡರೆ ವಿಮೆಯವರಿಗೆ ತಕರಾರು ತೆಗೆಯಲು ಅದೊಂದೇ ಸಾಕು.

ಹಾಗಾದರೆ ಏನು ಮಾಡಬೇಕು?

ಬಾಡಿಗೆಯ ಮೇಲೆ ಬದುಕುವ ಗಾಡಿಯವನು ಕೇಳಬಹುದು: “ದಾರಿ ಯಾವಾಗಾದರೂ ಆಗಲಿ, ನನ್ನ ಕಂತು ಬರುವ ತಿಂಗಳೇ ತುಂಬಬೇಕು. ಹೊಲಕ್ಕೆ ಗಾಡಿ ತರದಿದ್ದರೆ ಬಾಡಿಗೆ ಇನ್ನೊಬ್ಬನ ಪಾಲು.” ಅವನ ಮಾತು ಖರೆ. ಅವನಿಗೆ ಹೇಳುವದು ಇಷ್ಟು.

ಕಮಾನು ಕೂತಿದ್ದರೆ ಅದನ್ನು ಕಂಪನಿಯ ಎತ್ತರಕ್ಕೆ ತಂದುಕೊಳ್ಳಿರಿ. ಹೊಸ ಗಾಡಿಯಿದ್ದಾಗ ಮಟ್ಟಸ ನೆಲದ ಮೇಲೆ ಬರಿದಾಗಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮಡಗಾರ್ಡಿನ ಅಂಚಿನ ವರೆಗೆ ಅಳೆದು ಬರೆದಿಟ್ಟರೆ ಮುಂದೆ ಎಷ್ಟು ಕೂತಿದೆ ಎಂದು ತಿಳಿಯುವದು. ಹಳೆಯ ಗಾಡಿ ಎರಡು ಇಂಚು ಕೂತಿದ್ದರೆ ಕಂಪನಿಯ ಪಾಟಾ ಹಾಕಿಸಿದಾಗ ಆ ಎರಡು ಇಂಚು ನ್ಯಾಯವಾಗಿಯೇ ತಿರುಗಿ ಬರುವದು. ಇದು ಎತ್ತಿಸುವದಲ್ಲ, ದುರಸ್ತಿ.

ಟಾಯರು ಕಂಪನಿಯ ಅಳತೆಯದೇ ಇರಲಿ, ಆದರೆ ಹಿಂದಿನ ಎರಡಕ್ಕೆ ಆಳವಾದ, ದೂರದೂರ ಹಲ್ಲಿನ ಟಾಯರು ಹಾಕಿರಿ. ಹಲ್ಲು ಒತ್ತೊತ್ತಾಗಿದ್ದರೆ ಎರೆಮಣ್ಣು ತುಂಬಿ ಟಾಯರು ಬೋಳಾಗುವದು. ಹೊಲದಲ್ಲಿ ತುಸು ಗಾಳಿ ಇಳಿಸಿದರೆ ಹಿಡಿತ ಹೆಚ್ಚುವದು, ಆದರೆ ಡಾಂಬರಿಗೆ ಬಂದ ಕೂಡಲೆ ತುಂಬಲೇಬೇಕು. ಗಾಳಿ ತುಂಬುವ ಸಣ್ಣ ಪಂಪು, ಒಂದು ಸಲಿಕೆ, ಎರಡು ಹಲಗೆ, ಒಂದು ಗಟ್ಟಿ ಹಗ್ಗ ಗಾಡಿಯಲ್ಲಿ ಸದಾ ಇರಲಿ. ಎತ್ತಿಸುವ ಖರ್ಚಿನ ಮುಂದೆ ಇವುಗಳ ಬೆಲೆ ಏನೇನೂ ಅಲ್ಲ. ಮಳೆಗಾಲದಲ್ಲಿಯೂ ಹೊಲಕ್ಕಿಳಿಯುವದೇ ಉದ್ಯೋಗವಾಗಿದ್ದವನು, ನಾಲ್ಕೂ ಗಾಲಿಗಳಿಗೆ ಎಳೆತವಿರುವ ಪಿಕಪ್ಪನ್ನು ಕಂಪನಿಯಿಂದಲೇ ಕೊಳ್ಳುವದು ಲೇಸು. ಹಿಂದಿನ ಎರಡು ಗಾಲಿ ಮಾತ್ರ ಎಳೆಯುವ ಗಾಡಿಯನ್ನು ಎಷ್ಟು ಎತ್ತಿಸಿದರೂ ಮುಂದಿನ ಗಾಲಿಗಳಿಗೆ ಬಲ ಬಾರದು.

ಒಕ್ಕಲಿಗನಿಗೂ ಒಂದು ಮಾತು. ಒದ್ದೆ ಎರೆಯಲ್ಲಿ ತುಂಬಿದ ಗಾಡಿ ಓಡಿದರೆ ಕೆಡುವದು ಗಾಡಿಯಷ್ಟೇ ಅಲ್ಲ. ಅಚ್ಚಿನ ಭಾರ ನೇಗಿಲು ಮುಟ್ಟದ ಆಳದ ವರೆಗೆ ಮಣ್ಣನ್ನು ಒತ್ತಿ ಬಿಗಿಮಾಡುವದು. ಆ ಸಾಲಿನಲ್ಲಿ ಮುಂದಿನ ಹಿಂಗಾರಿಯ ಕಡಲೆ, ಜೋಳದ ಬೇರು ಇಳಿಯದೆ ಬೆಳೆ ಕುಳ್ಳಾಗುವದು. ಅಗಲ ಟಾಯರಿನಿಂದ ಮೇಲಿನ ಮಣ್ಣಿಗೆ ತುಸು ಸುಖವಾದೀತು, ಆಳದ ಒತ್ತಡ ಭಾರದಿಂದ ಬರುವದರಿಂದ ಅದು ತಗ್ಗುವದಿಲ್ಲ. ಆದ್ದರಿಂದ ಹದ ಬರುವ ತನಕ ಗಾಡಿಯನ್ನು ಹೊಲದಂಚಿನಲ್ಲಿಯೇ ನಿಲ್ಲಿಸಿ, ಚೀಲಗಳನ್ನು ಎತ್ತಿನ ಗಾಡಿಯಿಂದಲೋ ಟ್ರ್ಯಾಕ್ಟರಿನಿಂದಲೋ ಸ್ವಲ್ಪಸ್ವಲ್ಪವಾಗಿ ದಾರಿಗೆ ತರುವದು ಒಳ್ಳೆಯದು. ಹಿರಿಯರು ಗಾಡಿ ಸಿಗಬಿದ್ದರೆ ಮೊದಲು ಚೀಲ ಇಳಿಸುತ್ತಿದ್ದರು, ಎತ್ತಿನ ಬೆನ್ನ ಮೇಲೆ ಬಾರುಕೋಲು ಮುರಿಯುತ್ತಿರಲಿಲ್ಲ. ಎರಡು ಸಲಕ್ಕೆ ಒಯ್ಯಬೇಕಾದ್ದನ್ನು ಒಂದೇ ಸಲಕ್ಕೆ ಹೇರುವದರಿಂದಲೇ ಅರ್ಧ ಗಾಡಿಗಳು ಸಿಗಬೀಳುವವು. ತೊಟ್ಟಿ ಎತ್ತರವಾದಷ್ಟು ಹಮಾಲನ ನಡು ಮುರಿಯುವದೆಂಬುದನ್ನೂ ನೆನೆಯಿರಿ.

ದಾರಿಯನ್ನು ಎತ್ತಿರಿ

ಈಗ ಮುಖ್ಯ ಮಾತು. ಒಂದು ಹೊಲದ ದಾರಿಯ ಮೇಲೆ ಹತ್ತು ಒಕ್ಕಲುಗಳ ಹೊಲಗಳಿವೆ ಎನ್ನೋಣ. ಅವರಲ್ಲಿ ನಾಲ್ವರು ಗಾಡಿ ಎತ್ತಿಸಿ ಟಾಯರು ಬದಲಿಸಿದರೆ ಆ ಹಣ ಟಾಯರು ಸವೆಯುವ ಹೊತ್ತಿಗೆ ಹೋಯಿತು. ಉಳಿದ ಆರು ಮಂದಿಗೆ ಅದರಿಂದ ಏನೂ ದಕ್ಕಲಿಲ್ಲ. ಅದೇ ಹಣ ದಾರಿಗೆ ಬಿದ್ದರೆ ಎತ್ತಿನ ಗಾಡಿ, ಸೈಕಲ್ಲು, ಶಾಲೆಗೆ ಹೋಗುವ ಮಗು, ಹೆರಿಗೆಗೆ ಹೊರಟ ಹೆಣ್ಣುಮಗಳು ಎಲ್ಲರಿಗೂ ಆಯಿತು. 1993ರ ಸೆಪ್ಟೆಂಬರ 30ರ ಭೂಕಂಪದ ತರುವಾಯ ಕಿಲ್ಲಾರಿ, ಸಾಸ್ತೂರದ ಸುತ್ತಿನ ಅನೇಕ ಊರುಗಳು ಹೊಸ ಜಾಗದಲ್ಲಿ ನಿಂತವು. ಊರು ದೂರವಾದಲ್ಲಿ ಹೊಲದ ದಾರಿಯ ಬೆಲೆ ಎಷ್ಟೆಂದು ಅಲ್ಲಿಯವರನ್ನು ಕೇಳಬೇಕು.

ದಾರಿಗೆ ಕಾಯಿದೆಯ ಬಲವಿದೆ. 1966ರ ಮಹಾರಾಷ್ಟ್ರ ಜಮೀನು ಮಹಸೂಲ ಸಂಹಿತೆಯ 143ನೆಯ ಕಲಮಿನಂತೆ, ಹೊಲಕ್ಕೆ ದಾರಿಯಿಲ್ಲದವನು ಅರ್ಜಿ ಕೊಟ್ಟರೆ ತಹಸೀಲದಾರನು ವಿಚಾರಣೆ ಮಾಡಿ ಬೇರೆಯವರ ಹೊಲದ ಬದುವಿನ ಮೇಲಿಂದ ದಾರಿ ಕೊಡಿಸಬಹುದು. ಮೊದಲೇ ಇದ್ದ ದಾರಿಯನ್ನು ಯಾರಾದರೂ ಮುಚ್ಚಿದರೆ 1906ರ ಮಾಮಲೇದಾರ ನ್ಯಾಯಾಲಯ ಕಾಯಿದೆಯ 5ನೆಯ ಕಲಮು ಇದೆ, ಆದರೆ ಅಡ್ಡಿಯಾದ ಆರು ತಿಂಗಳೊಳಗೆ ಹೋಗತಕ್ಕದ್ದು. 2021ರ ನವೆಂಬರದಲ್ಲಿ ಮಹಾರಾಷ್ಟ್ರ ಸರಕಾರವು ಹೊಲದ ದಾರಿಗಳಿಗೆಂದೇ ‘ಮಾತೋಶ್ರೀ ಗ್ರಾಮಸಮೃದ್ಧಿ ಶೇತ-ಪಾಣಂದ ರಸ್ತೆ ಯೋಜನೆ’ಯನ್ನು ಹೊರಡಿಸಿತು. ಯೋಜನೆಗಳ ಹೆಸರು ಕಾಲಕಾಲಕ್ಕೆ ಬದಲಾಗುವವು. ಈಗ ಯಾವದು ನಡೆದಿದೆಯೆಂದು ಗ್ರಾಮಪಂಚಾಯತಿಯಲ್ಲಿ ಕೇಳಿ, ಗ್ರಾಮಸಭೆಯ ಠರಾವಿನಲ್ಲಿ ನಿಮ್ಮ ದಾರಿಯ ಹೆಸರು ಬರೆಸಿರಿ. ಕಚೇರಿಯ ಕಾಗದ ಮರಾಠಿಯಲ್ಲಿ ಇರುವದು. ಅಲ್ಲಿ ಹೊಲದ ದಾರಿಗೆ ‘ಶೇತ ರಸ್ತಾ’, ಹಳೆಯ ಗಾಡಿದಾರಿಗೆ ‘ಪಾಣಂದ’, ಒತ್ತುವರಿಗೆ ‘ಅತಿಕ್ರಮಣ’ ಅನ್ನುವರು. ಅರ್ಜಿಯೊಂದಿಗೆ ಸಾತಬಾರಾ ಉತಾರೆ ಮತ್ತು ಗಾಂವ ನಕಾಶೆಯ ಪ್ರತಿ ಇರಲಿ. ನಕಾಶೆಯಲ್ಲಿ ಪಾಣಂದ ಕಾಣಿಸಿದ್ದರೆ ಅರ್ಧ ಕೆಲಸ ಆದಂತೆಯೇ.

ದಾರಿ ಮಾಡುವ ರೀತಿಯಲ್ಲಿಯೂ ತಪ್ಪಬಾರದು. ಎರೆಮಣ್ಣು ನೀರು ಕುಡಿದು ಉಬ್ಬುವದು, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವದು. ಅದರ ಮೇಲೆ ನೇರವಾಗಿ ಗರಸು ಸುರುವಿದರೆ ಒಂದೇ ಮಳೆಗಾಲದಲ್ಲಿ ಗರಸು ಎರೆಯೊಳಗೆ ಇಳಿದುಹೋಗುವದು. ಕಾರಣ ಬೇಸಿಗೆಯಲ್ಲಿ ಮೇಲಿನ ಒಂದು ಅಡಿ ಎರೆ ತೆಗೆದು ಬದುವಿಗೆ ಹಾಕಬೇಕು. ಗರಸನ್ನು ಒಂದೇ ಸಲ ತುಂಬದೆ ಎರಡು ಪದರಾಗಿ ಹರಡಿ, ಒಂದೊಂದಕ್ಕೂ ನೀರು ಹೊಡೆದು ರೋಲರ ಉರುಳಿಸಬೇಕು. ದಾರಿಯ ನಡು ಆಮೆಯ ಬೆನ್ನಿನಂತೆ ಎತ್ತರವಿರಬೇಕು. ಎರಡೂ ಮಗ್ಗಲು ಕಾಲುವೆ ಇರಬೇಕು, ನೀರು ಅಡ್ಡ ಹಾಯುವಲ್ಲಿ ಸಿಮೆಂಟಿನ ಕೊಳವೆ ಕೂಡಿಸಬೇಕು. ಕಾಲುವೆಯಿಲ್ಲದ ದಾರಿ ಮಳೆಗಾಲದಲ್ಲಿ ತಾನೇ ಕಾಲುವೆಯಾಗುವದು.

ಇದರಲ್ಲಿ ಕಠಿಣವಾದದ್ದು ಗರಸಲ್ಲ, ಬದುವಿನ ಗೇಣು ನೆಲ. ದಾರಿ ಅಗಲವಾಗಬೇಕೆಂದರೆ ಇಬ್ಬರೂ ಮಗ್ಗಲಿನವರು ತುಸು ಸರಿಯಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಲ್ಲಿಯೇ ಎಷ್ಟೋ ದಾರಿಗಳು ನಿಂತುಹೋಗಿವೆ. ನಾಲ್ಕು ಇಂಚಿನ ಎತ್ತರಕ್ಕೆ ಹಣ ಸುರಿಯಲು ಸಿದ್ಧನಿರುವ ಒಕ್ಕಲಿಗನು ಒಂದು ಮೊಳ ಬದು ಬಿಡಲು ಒಪ್ಪುವದಿಲ್ಲ. ಬದುವಿಗಾಗಿ ಹುಟ್ಟಿದ ಖಟ್ಲೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವದಿಲ್ಲ. ಬಿಟ್ಟ ಮೊಳ ನೆಲವಾದರೋ ದಾರಿಯಾಗಿ ಅದೇ ಮೊಮ್ಮಕ್ಕಳಿಗೆ ದಕ್ಕುವದು.

ಆದ್ದರಿಂದ ಈ ವರ್ಷ ಗಾಡಿ ಎತ್ತಿಸಬೇಕೆಂದು ಹಣ ಕೂಡಿಟ್ಟವರು ಒಂದು ಕೆಲಸ ಮಾಡಿರಿ. ಆ ಹಣದಲ್ಲಿ ಮೊದಲು ಬ್ರೇಕು, ಕಮಾನು, ಟಾಯರುಗಳನ್ನು ಕಂಪನಿಯ ಅಳತೆಗೆ ಸರಿಮಾಡಿಸಿರಿ. ಉಳಿದದ್ದನ್ನು ಕೈಯಲ್ಲಿ ಹಿಡಿದು ನಿಮ್ಮ ದಾರಿಯ ಹತ್ತು ಒಕ್ಕಲುಗಳನ್ನು ಒಂದು ಸಂಜೆ ಚಾವಡಿಯಲ್ಲಿ ಕೂಡಿಸಿರಿ. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿರುವಾಗ ಕೆಲಸ ಹಿಡಿದರೆ ಮಿರಗ ಹೂಡುವದರೊಳಗೆ ಒಂದು ಪದರು ಗರಸಾದರೂ ಬೀಳುವದು. ಹಸ್ತದ ಮಳೆಯಲ್ಲಿ ಸೋಯಾ ತುಂಬಿದ ಸಾದಾ ಗಾಡಿ, ಎತ್ತಿಸದ ಗಾಡಿ, ಆ ದಾರಿಯ ಮೇಲೆ ನಿಲ್ಲದೆ ಡಾಂಬರು ಮುಟ್ಟುವದು.